ಗಿರಣಿ ಹುಡುಗಿಯ ಎಡಗೈ

ಗಿರಣಿ ಓಡುವಾಗ ಬಾಯಿಮಾತು ನಡೆಯುವುದಿಲ್ಲ. ಗಿರಣಿಯ ಹುಡುಗಿ ಹತ್ತೊಂಬತ್ತನೇ ವಯಸ್ಸಿಗೇ ಕೈಯಲ್ಲಿ ಮಾತಾಡುವುದನ್ನು ಕಲಿತಿದ್ದಳು. ಬಲಗೈ ಬೆರಳುಗಳಲ್ಲಿ ಹಿಟ್ಟು ಉಜ್ಜಿ, ಕಣ್ಣು ಮುಚ್ಚಿ ನುಣುಪು ನೋಡುವಳು. ಬಾಗಿಲಲ್ಲಿ ಯಾರಾದರೂ ನಿಂತರೆ ಬೆಳಕು ಕುಂದಿದ್ದು ರೆಪ್ಪೆಗೇ ತಿಳಿಯುತ್ತಿತ್ತು. ಎಡಗೈ ತಾನಾಗಿ ಎದ್ದು ಅವರನ್ನು ಒಳಗೆ ಕರೆಯುತ್ತಿತ್ತು.

ಹದಿನೈದು ದಿನದಿಂದ ಹೊತ್ತು ಮುಳುಗಿದ ಮೇಲೆ ಒಬ್ಬ ತರುಣ ಬರುತ್ತಿದ್ದ. ಬೀದಿಯವರು ಅವನಿಗೆ 'ಸಂಜೆಯವನು' ಎಂದು ಹೆಸರಿಟ್ಟಿದ್ದರು. ಮೋಟರು ನಿಲ್ಲುವವರೆಗೆ ಹೊಸಿಲಾಚೆ, ಬಾಗಿಲಿಗೆ ಅಡ್ಡ ಬರದೆ ಕಾದು, ಆಮೇಲೆ ಅಲ್ಲಿಂದಲೇ ಮೆತ್ತಗೆ ಮಾತಾಡುವನು. ಅವನ ಮುಖ ಬಿಳಿಚಿಕೊಂಡಿತ್ತು; ಗಿರಣಿಯಲ್ಲಿ ಯಾರ ಮುಖ ಬಿಳಿಯಲ್ಲ? ಆದರೆ ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳು ಅವನ ಮೂಗಿನ ಮುಂದೆ ಉಸಿರಿಗೆ ಅಲುಗುತ್ತಿರಲಿಲ್ಲ. ಅದನ್ನು ಹುಡುಗಿ ಯಾರಿಗೂ ಹೇಳಿರಲಿಲ್ಲ.

"ಅದು ಮನುಷ್ಯ ಅಲ್ಲ ಕಣೇ," ಎಂದಿದ್ದಳು ಸೋದರತ್ತೆ. "ಮೂರು ಮನೆ ಮೇಕೆ ಸತ್ವು, ಮೈಯಲ್ಲಿ ಒಂದು ಹನಿ ರಕ್ತ ಇರ್ಲಿಲ್ಲ. ಕರೀದೆ ಹೊಸಿಲು ದಾಟೋಕೆ ಅದಕ್ಕಾಗಲ್ಲ. ಒಂದೊಂದು ಸಲಕ್ಕೂ ಕರೀಬೇಕು. ನೀನು ಬಾಯಿ ಮುಚ್ಕೊಂಡಿರು."

"ನನ್ಹತ್ರ ಚೆನ್ನಾಗೇ ಮಾತಾಡ್ತಾನಲ್ಲ ಅತ್ತೆ?"

"ಇಲಿ ಹತ್ರ ಬೆಕ್ಕೂ ಚೆನ್ನಾಗೇ ಆಡುತ್ತೆ."

ಹುಡುಗಿ ಆ ಮಾತನ್ನು ನಂಬಿದ್ದಳು. ನಂಬಿಯೂ ಸಂಜೆಯಾದರೆ ಕಣ್ಣು ದಾರಿಯ ಕಡೆಗೇ ಹೋಗುತ್ತಿತ್ತು. ಅವಳ ಹೆದರಿಕೆ ಅದೇ.

ಅಂದು ಮೂಲೆಯಲ್ಲಿ ಕಲ್ಲಿನವನು ಕೂತಿದ್ದ. ಸವೆದ ಬೀಸುಕಲ್ಲಿಗೆ ಉಳಿಯಿಂದ ಹಲ್ಲು ಹಾಕುವುದು ಅವನ ಕಸುಬು. ತಿಂಗಳಲ್ಲಿ ಇದು ಮೂರನೇ ಸಲ.

"ಏನಯ್ಯಾ, ನಮ್ಮ ಕಲ್ಲಿನ ಹಲ್ಲು ಅಷ್ಟು ಬೇಗ ಉದುರುತ್ತಾ?" ಎಂದಳು ಅತ್ತೆ.

"ವಯಸ್ಸಾದ ಕಲ್ಲಲ್ವಾ ಅತ್ತೆ?"

"ಅತ್ತೆ ಅನ್ನೋಕೆ ಇನ್ನೂ ಟೈಮಿದೆ, ಅವಸರ ಮಾಡ್ಬೇಡ," ಎಂದು ನಕ್ಕು ಅತ್ತೆ ಮನೆಗೆ ಹೋದಳು. ಅವನ ಕಿವಿ ಕೆಂಪಾಯಿತು.

ಹೊತ್ತು ಮುಳುಗಿತು. ಇನ್ನೊಂದು ಜೋಡಿ ಕಲ್ಲು ಓಡುತ್ತಿತ್ತು. ಚಕ್ಕೆ ಸಿಡಿದು ಕಲ್ಲಿನವನ ಮುಂಗೈಯಿಂದ ರಕ್ತ ಒಸರಿತು. ಅವನಿಗದು ನಿತ್ಯದ್ದು, ಒರೆಸಿಕೊಳ್ಳಲೂ ಇಲ್ಲ. ಹುಡುಗಿ ಕಣ್ಣು ಮುಚ್ಚಿ ಹಿಟ್ಟು ಉಜ್ಜುತ್ತಿದ್ದಳು. ಬಾಗಿಲಲ್ಲಿ ಬೀದಿದೀಪದ ಬೆಳಕು ಕುಂದಿತು. ಎಡಗೈ ಎದ್ದು ಕರೆಯಿತು.

ಬೆನ್ನ ಹಿಂದಿನಿಂದ ತಣ್ಣಗಿನ ಗಾಳಿಯಂಥದೇನೋ ಹಾದುಹೋಯಿತು. ಕಣ್ಣು ಬಿಟ್ಟಾಗ ಸಂಜೆಯವನು ಹೊಸಿಲ ಒಳಗಿದ್ದ. ಅವಳ ಕಡೆ ನೋಡಲೂ ಇಲ್ಲ. ಅವನ ದೃಷ್ಟಿ ಕಲ್ಲಿನವನ ಮುಂಗೈಯ ಮೇಲಿತ್ತು.

ಕಲ್ಲಿನವನು ಬಾಗಿಲಿಗೆ ಬೆನ್ನುಮಾಡಿ ಬಾಗಿ ಕೂತಿದ್ದರಿಂದ ಅವನಿಗೆ ಏನೂ ತಿಳಿದಿರಲಿಲ್ಲ. ಹುಡುಗಿ ಕಿರುಚಿದಳು, ಕಿರುಚಿದ್ದು ಅವಳಿಗೇ ಕೇಳಿಸಲಿಲ್ಲ. ಓಡಿ ಇಬ್ಬರ ನಡುವೆ ನಿಂತಳು. ಸಂಜೆಯವನು ಅವಳ ಕಿವಿಯ ಹತ್ತಿರ ಬಗ್ಗಿದ. ಆ ಸದ್ದಿನಲ್ಲೂ ಅವನ ಮಾತೊಂದೇ ಸ್ಪಷ್ಟ.

"ನಿನ್ನ ಮುಟ್ಟಲ್ಲ. ಇವನೊಬ್ಬ ಇಲ್ದಿದ್ರೆ ಆಮೇಲೆ ನಾವಿಬ್ರೇ."

ಅವಳು ಹೊರಗೆ ಬೆರಳು ತೋರಿಸಿ, ತಾನೇ ಮೊದಲು ಹೊಸಿಲು ದಾಟಿದಳು. ಅವನು ಒಂದು ಗಳಿಗೆ ರಕ್ತವನ್ನು ನೋಡಿದ, ಒಂದು ಗಳಿಗೆ ಅವಳನ್ನು. ಆಮೇಲೆ ಹಿಂದೆಯೇ ಹೊರಬಂದು ಅವಳ ಮುಂಗೈ ಹಿಡಿದ. ಹಿಡಿತ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

ಅಷ್ಟರಲ್ಲಿ ತಲೆಯೆತ್ತಿದ್ದ ಕಲ್ಲಿನವನು ಓಡಿಬಂದು ಒಳಗಿನಿಂದ ಅವಳ ಇನ್ನೊಂದು ಕೈ ಹಿಡಿದ. ರಕ್ತಕ್ಕೆ ಬೆರಳು ಜಾರುತ್ತಿದ್ದವು, ಬಿಡಲಿಲ್ಲ.

"ಇನ್ನೊಂದ್ಸಲ ಕರಿ," ಎಂದ ಸಂಜೆಯವನು, ಬೇಡುವವನಂತೆ.

ಆ ದನಿಗೆ ಬಾ ಎನ್ನಲು ಅವಳ ನಾಲಿಗೆ ಎದ್ದಿತು. ಹಲ್ಲು ಕಚ್ಚಿ ಇಲ್ಲವೆಂದು ತಲೆಯಾಡಿಸಿದಳು. ಹಿಡಿತ ಸಡಿಲವಾಯಿತು, ಬಿಟ್ಟನೋ, ಸೋತನೋ. ಹುಡುಗಿ, ಕಲ್ಲಿನವನು ಇಬ್ಬರೂ ಹೊಸಿಲ ಒಳಗೆ ಬಿದ್ದರು.

ಕಾಳು ಮುಗಿದು ಕಲ್ಲಿಗೆ ಕಲ್ಲು ಉಜ್ಜಿ ಸುಟ್ಟ ವಾಸನೆ ಬರುತ್ತಿತ್ತು. ಕಲ್ಲಿನವನು ತೆವಳಿ ಹೋಗಿ ಮೋಟರು ನಿಲ್ಲಿಸಿದ. ಹುಡುಗಿ ಗೋಡೆಗೊರಗಿ ಕೂತಿದ್ದಳು. ಹತ್ತಿರ ಕರೆದು ತಬ್ಬಿಕೊಳ್ಳಬೇಕೆಂದು ಅವನು ಬಾಯಿ ತೆರೆದ. ಅವಳು ಬೆಚ್ಚಿ, ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಹೊಸಿಲಾಚೆ, ಯಾರು ಯಾರಿಗೆ ಹೇಳಿದರೂ ಸರಿ, ಬಾ ಎಂಬ ಒಂದೇ ಮಾತಿಗಾಗಿ ಒಬ್ಬ ಕಿವಿಗೊಟ್ಟು ನಿಂತಿದ್ದ.