ಬಾವಿಗೆ ಹಾಕಿದ ಇದ್ದಿಲು

2024ರ ಏಪ್ರಿಲ್ 18, ಗುರುವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಕೊಳವಳ್ಳಿಯ ಚೆಲುವಮ್ಮ ದೊಡ್ಡಮ್ಮನ ಬಾವಿಕಟ್ಟೆಯ ಮೇಲೆ ಕುಳಿತು ಅದೇ ನೀರಿಗೆ ನಾನು ಮಾಡಿದ ಪರೀಕ್ಷಾಪಟ್ಟಿ ಅದ್ದಿ ಮೂರನೆಯ ಸಲ ಅಳೆದೆ. ಮತ್ತೆ ಅದೇ ಅಂಕಿ: ಲೀಟರಿಗೆ 58 ಮಿಲಿಗ್ರಾಂ ನೈಟ್ರೇಟ್. ಕುಡಿಯುವ ನೀರಿನಲ್ಲಿ ಅದು 45 ದಾಟಬಾರದು.

ದೊಡ್ಡಮ್ಮನ ಮೊಮ್ಮಗಳು ಅರ್ಚನಾ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಮಗುವಿಗೆ ಮೂರು ತಿಂಗಳು. ಎದೆಹಾಲು ಸಾಲದೆ ಹಾಲುಪುಡಿಯನ್ನು ಇದೇ ನೀರಿನಲ್ಲಿ ಕದಡಿ ಕೊಡುತ್ತಿದ್ದಳು. ಬಾವಿಯ ಮೇಲಿನ ಇಳಿಜಾರಿನಲ್ಲಿ ಕಳೆದ ವರ್ಷ ಶುಂಠಿಗೆ ಸುರಿದ ಯೂರಿಯಾ ನೈಟ್ರೇಟಾಗಿ ಬಾವಿಗಿಳಿದಿರಬಹುದೆಂದು ಹೆದರಿ, ನೀರಿನ ಪರೀಕ್ಷೆಯನ್ನೇ ಓದಿದ ಊರಿನವಳೆಂದು ನನ್ನನ್ನು ಕರೆಸಿದ್ದಳು.

"ಕಾಯ್ಸಿ ಕೊಟ್ರೆ ಹೋಗಲ್ವಾ, ದಿವ್ಯಕ್ಕ?"

"ಇಲ್ಲ. ನೀರು ಆವಿಯಾಗ್ತದೆ, ಅದು ಅಲ್ಲೇ ಉಳೀತದೆ."

ಅವಳು ಮಗುವಿನ ತುಟಿಯ ಬಣ್ಣ ನೋಡಿದಳು. ನೈಟ್ರೇಟ್ ಹೆಚ್ಚಾದರೆ ಎಳೆಗೂಸಿನ ತುಟಿ ನೀಲಿಗಟ್ಟುತ್ತದೆ ಎಂದು ನಾನೇ ಹೇಳಿದ್ದೆ.

ಚೆಲುವಮ್ಮ ನನ್ನ ಕೈಯಲ್ಲಿದ್ದ ಪಟ್ಟಿಯನ್ನು ಹತ್ತಿರ ತಂದು ನೋಡಿದರು. ಹಳದಿ ಪ್ಲಾಸ್ಟಿಕ್ ಹಾಳೆಯ ಮೇಲೆ ಲೇಸರ್ ಹಾಯಿಸಿ ಸುಟ್ಟ ಕಪ್ಪು ಗೆರೆ ಅದು. ಆ ಕಪ್ಪೇ ಗ್ರಾಫೀನ್: ಜೇನುಹಟ್ಟಿಯ ಹಾಗೆ ಹೆಣೆದುಕೊಂಡ ಇಂಗಾಲ. ಅದರ ಮೇಲಿನ ತೆಳು ಲೇಪ ನೈಟ್ರೇಟನ್ನು ಹಿಡಿಯುತ್ತದೆ, ಗ್ರಾಫೀನ್ ಆ ಸುದ್ದಿಯನ್ನು ವಿದ್ಯುತ್ತಾಗಿ ಮೀಟರಿಗೆ ಮುಟ್ಟಿಸುತ್ತದೆ.

"ಇದು ಇದ್ದಿಲೇ ಅಲ್ವೇನೇ ಮೋಳೇ?" ನನ್ನನ್ನು ಮಗಳೇ ಎನ್ನುವುದು ಅವರಿಗೆ ಮಲಯಾಳದಲ್ಲೇ.

"ಇದ್ದಿಲಿನ ಜಾತಿಯದೇ, ದೊಡ್ಡಮ್ಮ."

"ಇದಕ್ಕೆ ಅಷ್ಟು ವರ್ಷ ಓದ್ಬೇಕಿತ್ತಾ? ವಿಷು ಹಬ್ಬಕ್ಕೆ ಮುಂಚೆ ಈ ಬಾವಿ ಕಿಣರು ತೊಳೆಸಿ ನಾನೂ ಒಂದು ಬುಟ್ಟಿ ಇದ್ದಿಲು ಹಾಕ್ಸಿದೀನಿ. ಐದು ಕಿಲೋ ಕಲ್ಲುಪ್ಪೂ ಹಾಕ್ಸಿದೀನಿ. ನನ್ನ ಕಿಣರು ಕೆಟ್ಟಿಲ್ಲ, ಹೋಗು."

ನನ್ನ ಕೈ ನಿಂತಿತು. "ಉಪ್ಪಾ?"

"ಮತ್ತೆ? ಶುದ್ಧ ಆಗೋದು ಬೇಡ್ವಾ?"

ಉಪ್ಪೆಂದರೆ ಕ್ಲೋರೈಡ್. ನನ್ನ ಲೇಪ ಅದನ್ನೂ ಕೊಂಚ ನೈಟ್ರೇಟೆಂದೇ ಎಣಿಸುತ್ತದೆ. ಹಾಗಾಗಿ ಮೊದಲು ಕ್ಲೋರೈಡನ್ನು ತೆಗೆಯಬೇಕೆಂದು ವಿಧಾನದಲ್ಲಿ ಬರೆದಿದೆ. ಈ ಬೆಟ್ಟದ ನೀರಿನಲ್ಲಿ ಉಪ್ಪೆಲ್ಲಿಂದ ಬರಬೇಕು ಎಂದು ಆ ಹೆಜ್ಜೆಯನ್ನು ಬಿಟ್ಟವಳು ನಾನು. ಬೇಸಿಗೆಯಲ್ಲಿ ಬಾವಿ ತೊಳೆಸಿ ಉಪ್ಪು ಹಾಕುವುದನ್ನು ಹುಟ್ಟಿದಾಗಿನಿಂದ ಕಂಡವಳೂ ನಾನೇ.

ಪೆಟ್ಟಿಗೆಯಿಂದ ಕಂದು ಶೀಶೆ ತೆಗೆದು, ಲೋಟದ ನೀರಿಗೆ ಚಿಟಿಕೆ ಸಿಲ್ವರ್ ಸಲ್ಫೇಟ್ ಹಾಕಿ ಕಲಕಿದೆ. ತಿಳಿನೀರು ನೋಡನೋಡುತ್ತ ಹಾಲಿನಂತಾಯಿತು.

"ಅಯ್ಯೋ, ಇದನ್ನ ಕುಡಿಸ್ಬೇಡ!" ಎಂದು ಅರ್ಚನಾ ಹಿಂದೆ ಸರಿದಳು.

"ಕುಡಿಯೋಕಲ್ಲ. ಉಪ್ಪು ಹೀಗೆ ಬಿಳಿಯಾಗಿ ಹೊರಗೆ ಬರ್ತದೆ."

ಸೋಸಿ, ಹೊಸ ಪಟ್ಟಿ ಅದ್ದಿದೆ. 33. ಇನ್ನೊಂದು ಪಟ್ಟಿ: 31. ಮತ್ತೊಂದು: 32. ಮೂರೂ 45ರ ಒಳಗೆ.

"ಕೊಡ್ಬೌದಾ ಅಕ್ಕ?"

ಒಮ್ಮೆ ತಪ್ಪಿದವಳು ನಾನು. "ಸೋಮವಾರದವರೆಗೆ ಪಂಚಾಯ್ತಿ ನಲ್ಲಿ ನೀರು ತಂದ್ಕೋ" ಎಂದೆ. ಉಳಿದ ಬಾವಿನೀರನ್ನು ಬಾಟಲಿಗೆ ತುಂಬಿ, ಉಪ್ಪು ಹಾಕಿದ ಸಂಗತಿಯನ್ನೂ ಚೀಟಿಯಲ್ಲಿ ಬರೆದು, ಕೋಳಿಕ್ಕೋಡಿನ ಲ್ಯಾಬಿನ ದೊಡ್ಡ ಯಂತ್ರಕ್ಕೆ ಕಳಿಸಿದೆ.

ಸೋಮವಾರ ಮಧ್ಯಾಹ್ನ ಫಲಿತಾಂಶ ಬಂತು. ಅರ್ಚನಾಗೆ ಫೋನ್ ಮಾಡಿ ಓದಿದೆ: ನೈಟ್ರೇಟ್, ಲೀಟರಿಗೆ 31.4 ಮಿಲಿಗ್ರಾಂ.