ಕೋ ಧಣಿಯ ದಾನದ ಕಲ್ಲು

“ನಿಮ್ಮವ್ವನಾ? ನನ್ನ ಕಾರ್ಖಾನೇಲಾ? ಯಾವಾಗ್ಲೇ ಕೆಲ್ಸ ಮಾಡಿದ್ಳು ಅವ್ಳು?”

ಕೋ ಧಣಿ ಚಹಾ ಬಟ್ಟಲನ್ನು ತುಟಿಯಿಂದ ತೆಗೆಯದೆಯೇ ಕೇಳಿದ. ಅವನ ಬೆನ್ನ ಹಿಂದೆ ಆಳೆತ್ತರದ ಕಲ್ಲಿನ ಕ್ವಾನ್‌ಇಮ್ ದೇವಿ ನಿಂತು ನಗುತ್ತಿದ್ದಳು. ಆ ನಗು ಬರಲು ಅವ್ವ ಒಂಬತ್ತು ದಿನ ನೀರು ಹಾಕದ ಒಣ ಸಾಣೆಚಕ್ರ ಹಿಡಿದು ಉಜ್ಜಿದ್ದಳು.

“ಇಪ್ಪತ್ತೆರಡು ವರ್ಷ, ಧಣೀ,” ಎಂದೆ.

“ಬರ್ತಿದ್ಳು, ಹೋಗ್ತಿದ್ಳು. ಮನೇಗೆ ನೆಂಟ್ರು ಬರಲ್ವಾ, ಹಂಗೆ. ನಾವೆಲ್ಲ ಒಂದೇ ಮನೆಯೋರು ಕಣೇ ಆಕಿಮ್. ಮನೆಯೋರ್ಗೆ ಯಾವನಾದ್ರೂ ಕಾಗ್ದ ಬರ್ಕೊಡ್ತಾನಾ?”

“ಸಂಬ್ಳ ಕೊಡ್ತಿದ್ರಲ್ಲ.”

“ಹೊಸ ವರ್ಷಕ್ಕೆ ಮಕ್ಳಿಗೆ ಕೆಂಪು ಲಕೋಟೇಲಿ ಕಾಸು ಕೊಡಲ್ವಾ? ಅದನ್ನೂ ಸಂಬ್ಳ ಅಂತೀಯಾ? ಹೋಗು ಹೋಗು, ಬೆಳಬೆಳಗ್ಗೇನೇ ಶನಿ ಥರ ಬಂದು ನಿಂತವ್ಳೆ.”

ನಾನು ಹೋಗಲಿಲ್ಲ. ನನಗೆ ನಲವತ್ತಾರು. ಹದಿನೇಳನೆಯ ವಯಸ್ಸಿನಿಂದ ಅವನ ಅಂಗಳದಲ್ಲಿ ಕೂತು ಕಲ್ಲಿನ ಮೇಲೆ ಅಕ್ಷರ ಕೊರೆಯುತ್ತಿದ್ದೇನೆ. ಆದರೂ ಅವನ ಮುಂದೆ ನಿಂತಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಬಟ್ಟಲು ಖಾಲಿಯಾಯಿತು. ಅವನು ಇನ್ನೊಂದು ತುಂಬಿಸಿಕೊಂಡ. ಆಮೇಲೆ ನಾನು ಹೋದೆ.

ಅವ್ವನ ಎದೆಯಲ್ಲಿ ಕಲ್ಲಿನ ಧೂಳು ತುಂಬಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಬಿಳಿ ಚುಕ್ಕೆಗಳನ್ನು ತೋರಿಸಿದ್ದರು. ಎರಡೂ ಶ್ವಾಸಕೋಶ ತೊಳೆಯಬೇಕು, ಅಲ್ಲಿಯವರೆಗೆ ಆಮ್ಲಜನಕ ಬೇಕು, ಮುಂಗಡ ಕಟ್ಟಿದಷ್ಟು ದಿನ ಮಾತ್ರ ಔಷಧಿ. ಈ ಕಾಯಿಲೆ ಕೆಲಸದಿಂದಲೇ ಬಂದದ್ದು ಎಂದು ಕಾರ್ಮಿಕರ ಕಚೇರಿ ಒಪ್ಪಿಕೊಂಡರೆ ಪೂರ್ತಿ ಖರ್ಚು ನಮ್ಮ ತಲೆಯಿಂದ ಇಳಿಯುತ್ತದೆ. ಕಚೇರಿ ಒಪ್ಪಲು ಒಂದು ಕಾಗದ ಸಾಕು: ಇಂಥವಳು, ಇಂಥಲ್ಲಿ, ಇಷ್ಟು ವರ್ಷ, ಇಂಥ ಕೆಲಸ ಮಾಡಿದಳು. ಕೆಳಗೆ ಧಣಿಯ ಮೊಹರು. ನಾಲ್ಕು ಸಾಲಿನ ಕಾಗದ.

ಅದು ಸಿಗದೆ ನಾವು ಫೋನಿನಲ್ಲಿ ಕೈಯೊಡ್ಡಿದೆವು. ನಮ್ಮ ಅಂಗಳದಲ್ಲಿ ಕಲ್ಲು ಹೊರುವ ಬೀಲಿಯೆನ್ ದಾರಿ ತೋರಿಸಿದಳು. ಟೈ ಕಟ್ಟಿಕೊಂಡ ಹುಡುಗನೊಬ್ಬ ಆಸ್ಪತ್ರೆಯ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಅಲೆಯುತ್ತಿದ್ದ. ರೋಗಿಗಳ ಕಥೆ ಬರೆದು ಫೋನಿಗೇರಿಸಿ ಹಣ ಎತ್ತಿಸಿಕೊಡುವ ಕಂಪನಿಯವನು. ಬಂದದ್ದರಲ್ಲಿ ಅವನಿಗೂ ಪಾಲು.

ಫೋಟೋ ಎಂದೊಡನೆ ಅವ್ವ ತಲೆಗೆ ಹೂವಿನ ವಸ್ತ್ರ ಕಟ್ಟಿಸಿಕೊಂಡು, ಮೂಗಿನ ಕೊಳವೆಯನ್ನು ಸರಿಪಡಿಸಿಕೊಂಡು ನಕ್ಕಳು.

“ಅಮ್ಮಾ, ಹಿಂಗೆ ನಕ್ರೆ ಯಾರು ಕಾಸು ಹಾಕ್ತಾರೆ? ಒಸಿ ಅಳಿ,” ಎಂದ ಹುಡುಗ.

“ನನ್ ಮದ್ವೇಲೇ ಅತ್ತಿಲ್ಲ ಕಣಪ್ಪಾ. ಅಲ್ಲಿ ಅಳೋಕೆ ಇದಕ್ಕಿಂತ ಜಾಸ್ತಿ ಕಾರಣ ಇತ್ತು.”

ಅವನು ಬೇಸರದಿಂದ ಪಕ್ಕದ ಮಂಚದ ಅಜ್ಜನ ಕಡೆ ನೋಡಿದ. ಅಜ್ಜ ಚೆನ್ನಾಗಿ ಅಳುತ್ತಿದ್ದ.

ನಗುವ ಮುದುಕಿಗೆ ದುಡ್ಡು ಹಾಕಿದವರು ನಮ್ಮಂಥ ಹೆಂಗಸರೇ. ಕಲ್ಲು ಹೊರುವವರು, ಮೀನು ಒಣಗಿಸುವವರು. ಒಂದೂಟದ ಕಾಸು, ಕೆಳಗೆ ಕೈಮುಗಿದ ಚಿತ್ರ. ಆಸ್ಪತ್ರೆಯ ಖರ್ಚಿಗೆ ಅದು ಎರಡು ದಿನ ಬಂತು. ಆದರೆ ಆ ಪುಟ ಕೈಯಿಂದ ಕೈಗೆ ದಾಟುತ್ತ ಧಣಿಗಳ ಕೂಟವನ್ನೂ ತಲುಪಿತು. ಮದ್ಯದ ಮೇಜಿನಲ್ಲಿ ಪಕ್ಕದ ಕಾರ್ಖಾನೆಯ ಲಿಮ್ ಧಣಿ ಅದನ್ನು ಗಟ್ಟಿಯಾಗಿ ಓದಿ, “ಏನಪ್ಪಾ ಕೋ, ನಿನ್ನ ಕೂಲಿಯೋರು ಭಿಕ್ಷೆಗಿಳಿದವ್ರೆ” ಎಂದನಂತೆ.

ಮಾರನೆಯ ದಿನ ಕೋ ಧಣಿ ನನ್ನನ್ನು ಕರೆಸಿದ. ಈ ಸಲ ಕುರ್ಚಿ ಕೊಟ್ಟ. ದೇವಸ್ಥಾನದ ಪೂಜಾರಿಯೂ ಅಲ್ಲಿ ಕೂತು ಕಡಲೆಬೀಜ ಸುಲಿಯುತ್ತಿದ್ದ.

“ನಿಮ್ಮವ್ವನ ಆಸ್ಪತ್ರೆಗೆ ನಾನೇ ದಾನ ಕೊಡ್ತೀನಿ,” ಎಂದ ಧಣಿ. “ಗುಟ್ಟಾಗಲ್ಲ, ದೇವಸ್ಥಾನದಾಗೆ, ಊರ ಮುಂದೆ. ಒಂದು ಕಲ್ಲು ನಿಲ್ಲಿಸ್ಬೇಕು. ಲಿಮ್ ನನ್ಮಗಂದು ಎದೆಮಟ್ಟ ಐತಲ್ಲ, ನಂದು ತಲೆಮಟ್ಟ ಇರ್ಲಿ. ನೀನೇ ಕೊರಿ. ನಿಮ್ಮವ್ವನ ಕೆಲ್ಸ ಅಲ್ವಾ, ಕೂಲಿ ಕೇಳಬೇಡ.”

ನಮ್ಮ ಕಡೆ ದೇವಸ್ಥಾನಕ್ಕೆ ನಾಲ್ಕು ಹೆಂಚು ಕೊಟ್ಟವನ ಹೆಸರೂ ಕಲ್ಲಿನ ಮೇಲೇರುತ್ತದೆ. ಪ್ರಾಕಾರದ ಗೋಡೆಯ ಉದ್ದಕ್ಕೂ ಅಂಥ ಕಲ್ಲುಗಳೇ. ಅರ್ಧದಷ್ಟು ನಾನು ಕೊರೆದವು. ಗುಡಿ ಕಟ್ಟಲು ಕಲ್ಲು ಹೊತ್ತವರ ಹೆಸರು ಯಾವುದರಲ್ಲೂ ಇಲ್ಲ. ಅದು ನನಗೆ ಅಂದಿನವರೆಗೆ ತಪ್ಪೆನಿಸಿಯೂ ಇರಲಿಲ್ಲ. ಉಳಿ ಹಿಡಿದವಳು ಅಕ್ಷರದ ಆಳ ನೋಡುತ್ತಾಳೆ, ಅರ್ಥ ನೋಡುವುದಿಲ್ಲ.

ಪೂಜಾರಿ ಬರೆದುಕೊಂಡು ಬಂದದ್ದನ್ನು ಓದಿದ: ‘ಪುಣ್ಯವಂತರಾದ ಕೋ ತೆಕ್‌ಹಾಯ್ ಅವರು ಒಬ್ಬ ಬಡ ರೋಗಿಷ್ಠ ಮುದುಕಿಗೆ ದಾನವಿತ್ತರು.’

ಕೇಳುತ್ತ ಕೂತಿದ್ದ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದರ ಬದಲು ಒಳಗೆ ಏನೋ ತಣ್ಣಗಾಯಿತು. ಯಾವ ಗೆರೆಯಲ್ಲಿ ಸೀಳುತ್ತದೆಂದು ಕಲ್ಲು ತಟ್ಟಿ ನೋಡುವಾಗ ಹೀಗೇ ಆಗುತ್ತದೆ.

“ಚೆನ್ನಾಗೈತೆ ಧಣೀ. ಆದ್ರೆ ಯಾವ್ದೋ ಮುದುಕಿಗೆ ಲಿಮ್ ಧಣೀನೂ ಕೊಟ್ಟವ್ರೆ,” ಎಂದೆ.

ಅವನ ಬಟ್ಟಲು ಅರ್ಧದಲ್ಲೇ ನಿಂತಿತು. “ಅಂದ್ರೆ?”

“ತನ್ನ ಕೈಕೆಳಗೆ ದುಡಿದೋಳನ್ನ ಇಷ್ಟು ವರ್ಷ ಆದ್ಮೇಲೂ ಮರೀದೆ ಇರೋ ಧಣಿ ಯಾವ ಊರಾಗವ್ನೆ?”

“ಹೌದಲ್ವಾ,” ಎಂದ ಧಣಿ. ಪೂಜಾರಿಯ ಕಡೆ ತಿರುಗಿ, “ಹಾಕ್ರಪ್ಪಾ ಅದನ್ನ.”

ಪೂಜಾರಿಗೂ ಹುರುಪು ಬಂತು. “ಬರೀ ದುಡಿದಳು ಅಂದ್ರೆ ಸಪ್ಪೆ. ದೇವಿಯ ಮುಖ ಉಜ್ಜಿದಳು ಅನ್ನೋಣ. ಅಂಥವಳಿಗೆ ಕೊಟ್ಟ ದಾನ ನೇರ ದೇವಿಗೇ ಮುಟ್ಟುತ್ತೆ.”

“ಅವ್ವನ ಹೆಸ್ರೂ ಹಾಕಿ, ಎಷ್ಟು ವರ್ಷ ಅಂತ್ಲೂ ಹಾಕಿ,” ಎಂದೆ. “ಇಪ್ಪತ್ತೆರಡು ಅಂದ್ರೆ ಓದೋರ್ಗೆ ಕಣ್ಣೀರು ಬತ್ತದೆ.”

“ಹಾಕು ಹಾಕು! ಕೆಳಗೆ ನನ್ನ ಮೊಹರು ದೊಡ್ಡದಾಗಿ ಕೊರಿ. ಕೆಂಪು ಬಣ್ಣ ತುಂಬು. ದೂರದಿಂದ ಕಾಣ್ಬೇಕು.”

ಸಾಲ ತಂದು ಆಸ್ಪತ್ರೆಗೆ ಕಟ್ಟುತ್ತ ಹನ್ನೆರಡು ದಿನ ಕೊರೆದೆ. ಚಾನ್ ಸೋಹುನ್. ಅವ್ವನ ಹೆಸರನ್ನು ನಾನು ಅದಕ್ಕೆ ಮೊದಲು ಎಲ್ಲೂ ಕೊರೆದಿರಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಹಲ್ಲಿನ ನಡುವೆ ಧೂಳು ಕರಕರ ಎನ್ನುತ್ತಿತ್ತು. ನಾನು ಚಿಕ್ಕವಳಿದ್ದಾಗ ಅವ್ವ ಕೆಲಸದಿಂದ ಹಿಟ್ಟು ಮೆತ್ತಿದ ಹಾಗೆ ಬೆಳ್ಳಗೆ ಬರುತ್ತಿದ್ದಳು. ಹುಬ್ಬು ಕೊಡವಿ ನನ್ನನ್ನು ನಗಿಸುತ್ತಿದ್ದಳು. ನಾನು ಎಷ್ಟು ನಕ್ಕಿದ್ದೆನೋ ಅಷ್ಟೂ ಈಗ ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತಿದೆ ಎನಿಸುತ್ತಿತ್ತು.

ದಾನದ ದಿನ ಅವ್ವನನ್ನು ತಳ್ಳುಕುರ್ಚಿಯಲ್ಲಿ ಕರೆತಂದರು. ಅವಳ ತೊಡೆಯ ಮೇಲೆ ಬಾಗಿಲಷ್ಟು ಅಗಲದ ರಟ್ಟಿನ ಚೆಕ್ಕು. ಅದರ ಹಿಂದೆ ಅವಳ ಮುಖವೇ ಕಾಣುತ್ತಿರಲಿಲ್ಲ. ಪಟಾಕಿ ಸರ ಹಚ್ಚಿದರು. ಹೊಗೆಗೆ ಕೆಮ್ಮು ಕಿತ್ತುಕೊಂಡು ಬಂತು, ಚೆಕ್ಕು ಅಲುಗಾಡಿತು.

“ಅಜ್ಜೀ, ಕೆಮ್ಮು ಒಸಿ ತಡ್ಕೊಳ್ಳಿ, ಧಣಿಗಳ ಫೋಟೋ ಮಬ್ಬಾಗ್ತೈತೆ,” ಎಂದು ಫೋಟೋದವನು ಕೂಗಿದ. ಕಲ್ಲಿಗೆ ಹೊದಿಸಿದ್ದ ಕೆಂಪು ಬಟ್ಟೆ ಸರಿಸಿದರು. ಧಣಿ ತನ್ನ ಮೊಹರನ್ನು ನೋಡಿ ಕಣ್ಣೊರೆಸಿಕೊಂಡ.

ಆ ದಾನ ಆಸ್ಪತ್ರೆಯ ಖರ್ಚಿಗೆ ಹನ್ನೊಂದು ದಿನ ಬಂತು. ಕಲ್ಲಿಗೆ ಅದಕ್ಕಿಂತ ಹೆಚ್ಚು ಖರ್ಚಾಗಿತ್ತು.

ಹಣ ಮುಗಿಯುವ ಮೊದಲೇ ನಾನು ಕಲ್ಲಿನ ಮೇಲೆ ತೆಳು ಕಾಗದ ಹಾಸಿ, ಮಸಿ ತಟ್ಟಿ, ಅಕ್ಷರವನ್ನೆಲ್ಲ ಎತ್ತಿಕೊಂಡು ಕಾರ್ಮಿಕರ ಕಚೇರಿಗೆ ಹೋದೆ. ಗುಮಾಸ್ತ ಅದನ್ನು ಮೇಜಿನ ತುಂಬ ಹರಡಿ ಓದಿದ. ಹೆಸರಿತ್ತು, ವರ್ಷಗಳಿದ್ದವು, ಕೆಲಸವಿತ್ತು, ಮೊಹರಿತ್ತು.

“ಇದು ನಕಲು,” ಎಂದ.

“ಕಲ್ಲಿಂದ್ಲೇ ಎತ್ತಿದ್ದು ಸ್ವಾಮಿ.”

“ಕಲ್ಲಿಂದ ಎತ್ತಿದ್ರೆ ನಕಲೇ ಅಲ್ವೇನಮ್ಮಾ? ಮೂಲ ತರ್ಬೇಕು.”

“ಮೂಲ ಕಲ್ಲು, ಸ್ವಾಮಿ. ದೇವಸ್ಥಾನದಾಗದೆ.”

“ಕಲ್ಲಾಗ್ಲಿ ಕಬ್ಬಿಣ ಆಗ್ಲಿ, ಮೂಲ ಇಲ್ದೆ ನಾನು ಅರ್ಜಿ ಮುಟ್ಟಲ್ಲ. ನೆಕ್ಸ್ಟ್!”

ಹೊರಗೆ ಬಂದು ಬೀಲಿಯೆನ್‌ಗೆ ಫೋನ್ ಮಾಡಿದೆ. ಆಸ್ಪತ್ರೆಯ ಮುಂಗಡ ಮಾರನೆಯ ದಿನ ಸಂಜೆಗೆ ಮುಗಿಯುತ್ತಿತ್ತು. ಅವಳು ಪೂರ್ತಿ ಕೇಳಿಸಿಕೊಂಡು, “ತರ್ಬೇಕಂತಾ? ಬೇವರ್ಸಿ ನನ್ಮಗ, ಯಾರ್ಗೆ ಹೇಳ್ತಾವ್ನೆ ಗೊತ್ತಾ ಅವ್ನಿಗೆ?” ಎಂದಳು.

ಬೆಳಿಗ್ಗೆ ಕಲ್ಲು ಹೊರುವ ಎಂಟು ಜನ ಹೆಂಗಸರು ದೇವಸ್ಥಾನಕ್ಕೆ ಬಿದಿರಿನ ಅಡ್ಡೆ, ಹಗ್ಗ ತಂದರು. ಪೂಜಾರಿ ಗಂಟೆ ಹಿಡಿದುಕೊಂಡೇ ನಿಂತುಬಿಟ್ಟ. ಗುಂಡಿಯಿಂದ ಕಲ್ಲು ಎತ್ತಿ, ಹಗ್ಗ ಬಿಗಿದು, ಹೆಗಲು ಕೊಟ್ಟೆವು. ಎತ್ತಿದ ಕ್ಷಣ ಬೀಲಿಯೆನ್, “ಇಷ್ಟು ದೊಡ್ಡ ಪುಣ್ಯ, ಇಷ್ಟು ಹಗುರ ಐತಲ್ರೇ!” ಎಂದಳು. ನಗು ತಡೆಯಲಾರದೆ ಮುಂದಿನ ಇಬ್ಬರ ಹೆಜ್ಜೆ ತಪ್ಪಿತು.

ಮೀನು ಮಾರುಕಟ್ಟೆ ದಾಟುವಷ್ಟರಲ್ಲಿ ಧಣಿ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದ.

“ಕಳ್ಳಮುಂಡೇರಾ! ಇಳಿಸ್ರೇ ಕೆಳಕ್ಕೆ! ಅದು ನನ್ನ ಕಲ್ಲು!”

“ಜೋರಾಗಿ ಹೇಳಿ ಧಣೀ, ಹಿಂದಿನೋರ್ಗೆ ಕೇಳಲ್ಲ,” ಎಂದಳು ಬೀಲಿಯೆನ್.

“ನನ್ನ ಕಲ್ಲು! ನಾನು ಬರೆಸಿದ್ದು! ಮೊಹರು ನಂದು!”

ದಾರಿಯುದ್ದಕ್ಕೂ ಅವನು ಅದನ್ನೇ ಕೂಗುತ್ತ ಬಂದ. ಸಂತೆಯ ಜನ ಹಿಂದೆ ಬಂದರು. ಕೆಲವರು ಫೋನು ಎತ್ತಿ ಹಿಡಿದಿದ್ದರು.

ಕಚೇರಿಯ ಒಂಬತ್ತು ಮೆಟ್ಟಿಲು ಹತ್ತಿ ಕಲ್ಲನ್ನು ಬಾಗಿಲಿಗೆ ಅಡ್ಡವಾಗಿ ಇಳಿಸಿದೆವು. ನೆಲದ ಟೈಲ್ಸ್ ಎರಡು ಕಡೆ ಬಿರುಕು ಬಿಟ್ಟಿತು. ಗುಮಾಸ್ತ ಎದ್ದು ಬಂದ. ಕಲ್ಲಿನ ಆ ಬದಿಯಲ್ಲಿ ಅವನು, ಈ ಬದಿಯಲ್ಲಿ ನಾವು.

“ಮೂಲ,” ಎಂದೆ.

ಅವನು ಬಗ್ಗಿ ಓದಿದ. ಓದಿ ಮುಗಿಸಿ ತಲೆಯೆತ್ತಿದಾಗ ಅವನ ಕಣ್ಣಿಗೆ ಏದುಸಿರು ಬಿಡುತ್ತಿದ್ದ ಧಣಿ ಬಿದ್ದ.

“ಕೋ ಧಣಿಗಳೇ, ಇದು ನಿಮ್ದೇನಾ?”

ಹೌದೆಂದರೆ ಅವ್ವನ ಇಪ್ಪತ್ತೆರಡು ವರ್ಷವನ್ನೂ ಒಪ್ಪಿದಂತೆ, ಅಲ್ಲವೆಂದರೆ ದಾರಿಯೆಲ್ಲ ಕೂಗಿದ್ದು ಸುಳ್ಳು. ಧಣಿ ಕೆಂಪು ಮೊಹರನ್ನು ನೋಡಿದ, ಫೋನುಗಳನ್ನು ನೋಡಿದ. ಬೀಲಿಯೆನ್ ಅಡ್ಡೆ ಗೋಡೆಗೊರಗಿಸಿ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ಒಬ್ಬೊಬ್ಬರಾಗಿ ನಾವೆಲ್ಲ ಕೂತೆವು. ಒಳಗಿನವರು ಹೊರಗೆ ಬರುವಂತಿರಲಿಲ್ಲ, ಹೊರಗಿನವರು ಒಳಗೆ ಹೋಗುವಂತಿರಲಿಲ್ಲ.

“ಹೇಳಿ ಧಣೀ,” ಎಂದೆ. ನನ್ನ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. “ನಮಗೆ ಸಂಜೆವರ್ಗೂ ಟೈಮ್ ಐತೆ.”