ಎರಡನೇ ಲೈನು

ಗದಗಿನ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುತ್ತಿದ್ದ ಹೇಮಪ್ಪನ ಜೀವ ಹಿಂಡುತ್ತಿದ್ದದ್ದು ಲಕ್ಷ್ಮೇಶ್ವರದ ಲೈನು. ಸಂಸ್ಥಾನ ಹೋಗಿ ಊರು ಮುಂಬಯಿ ಸರಕಾರಕ್ಕೆ ಸೇರಿದರೂ ತಂತಿ ಮಾತ್ರ ಸಂಸ್ಥಾನದ ಕಾಲದ ಅದೊಂದೇ. ಲೈನು ಸಿಗದೆ ಅಲ್ಲಿನ ಕಾಳಿನ ವ್ಯಾಪಾರಿಗಳು ದಿನವಿಡೀ ಇವನ ಮೇಲೆ ಹರಿಹಾಯುತ್ತಿದ್ದರು. ಎರಡನೇ ಲೈನು ಬೇಕೋ ಬೇಡವೋ ನೋಡಲು ಕೊನೆಗೂ ಮೇಲಿನ ಸಾಹೇಬರು ಬಂದು ಅವನ ಪಕ್ಕ ಕೂತರು. ಸಂಜೆಯಾದರೂ ಲಕ್ಷ್ಮೇಶ್ವರದಿಂದ ಒಂದು ಕರೆಯೂ ಬರಲಿಲ್ಲ.

“ಇರೋ ಲೈನಿಗೇ ಕೆಲಸ ಇಲ್ಲ, ಇನ್ನೊಂದು ಯಾಕೆ?” ಎಂದು ನಕ್ಕು ಸಾಹೇಬರು ರೈಲು ಹತ್ತಿದರು.

ಮರುದಿನ ಬೆಳಗಾಗುತ್ತಲೇ ಲಕ್ಷ್ಮೇಶ್ವರದ ವ್ಯಾಪಾರಿ ಹುಚ್ಚೀರಪ್ಪನ ಕರೆ ಬಂತು.

“ನಿನ್ನೆ ಎಲ್ಲಾರೂ ಎಲ್ಲಿ ಹಾಳಾಗಿ ಹೋಗಿದ್ರಿ?” ಹೇಮಪ್ಪ ಸಿಡಿದ.

“ಸಾಹೇಬ್ರು ಬರತಾರಂತ ನೀವ ಹೇಳಿದ್ರೆಲ್ರಿ! ಅವ್ರ ಮುಂದ ನಿಮಗ ತ್ರಾಸ ಆಗಬಾರ್ದಂತ ಊರಾಗ ಯಾರೂ ಫೋನ್ ಮುಟ್ಟಲಿಲ್ರಿ. ಎರಡನೇ ಲೈನ್ ಯಾವಾಗ ಬರತೈತ್ರಿ?”